ಬೂದು ಬಣ್ಣದ ಕೆಳಗಿನ ಗಿಳಿಗಳು

ನಮ್ಮ ಮನೆಯ ಮುಂಬಾಗಿಲ ಎದುರು ಕೈಗವಸು ಹಾಕಿಕೊಂಡು ಕೂತು, ಪೇಂಟ್ ರಿಮೂವರ್ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಕೆಯಿಂದ ಮೀಟುತ್ತಿದ್ದೆ. ಸಂಜೆಯ ತಿರುಗಾಟ ಮುಗಿಸಿ ಬರುತ್ತಿದ್ದ ಪಕ್ಕದ ಮನೆಯ ಸರ್ ಗೇಟಿನ ಹೊರಗೇ ನಿಂತು ಕೇಳಿದರು.

“ಅಕ್ಕೋರ, ಕೆಳಗ ಏನೈತಿ?”

ಹಾವೋ ಚೇಳೋ ಬಂದಿರಬೇಕೆಂದು ನಾನು ಸೀರೆ ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತುಬಿಟ್ಟೆ.

“ಅದಲ್ರಿ. ಬಾಗಲದ ಬಣ್ಣದ ಕೆಳಗ ಏನೈತಿ ಅಂತ ಕೇಳಾಕತ್ತೇನಿ.”

“ಕಟಗಿ ಇರತೈತ್ರಿ ಸರ್, ಮತ್ತೇನ ಇರತೈತಿ?”

“ನೋಡೀರೇನು?”

ನೋಡಿರಲಿಲ್ಲ. ಅವರು ಒಳಗೆ ಬಂದು ಡಬ್ಬಿ ಕಸಿದುಕೊಂಡು, ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಅದರ ಮೇಲಿನ ಇರುವೆ ಗಾತ್ರದ ಅಕ್ಷರಗಳನ್ನೆಲ್ಲ ಓದಿದರು. ಆಮೇಲೆ ಕೇಳಿದ ಪ್ರಶ್ನೆ ಇನ್ನೂ ವಿಚಿತ್ರವಾಗಿತ್ತು. “ಒಳಗ ಯಾರು ಉಸಿರಾಡ್ತಾರ?” ಪಡಸಾಲೆಯಲ್ಲಿ ನನ್ನ ಅತ್ತೆ ಮಲಗಿದ್ದರು, ಅವರಿಗೆ ದಮ್ಮಿನ ರೋಗ. ಈ ಔಷಧದ ಹೊಗೆ ಮುಚ್ಚಿದ ಮನೆಯಲ್ಲಿ ಆಳನ್ನೇ ಕೆಡವಬಲ್ಲದೆಂದು ಹೇಳಿ, ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಅವರು ಹೊರಟೇ ಹೋದರು. ನನಗೆ ಸಿಟ್ಟು ಬಂತು. ನನ್ನ ಬಾಗಿಲು, ನನ್ನ ಡಬ್ಬಿ, ಇವರದೇನು ದರಬಾರು ಎಂದು ಗೊಣಗಿದೆ. ಮರುದಿನ ಅವರೇ ಬಂದು ಬಾಗಿಲನ್ನು ಕೀಲಿನಿಂದ ಬಿಚ್ಚಿಸಿ, ಅಂಗಳಕ್ಕೆ ಸಾಗಿಸಿ, ಬಿಸಿಲು ಇಳಿಯುವವರೆಗೂ ನನ್ನ ಜೊತೆ ಕೂತು ಬಣ್ಣ ಕೆರೆದರು.

ಹೋದ ತಿಂಗಳು ಅವರು ತೀರಿಕೊಂಡರು. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇವಿನ ಮರವಷ್ಟೇ. ನಿವೃತ್ತರಾದ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಎಂದು ಪತ್ರಿಕೆಯ ಮೂಲೆಯಲ್ಲಿ ಬಂದಿತ್ತು. ಅದನ್ನು ಓದಿದಾಗ ಅದು ಅವರ ಬಗ್ಗೆ ಅಲ್ಲವೇ ಅಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲೇ ನಾನು ಕನ್ನಡ ಕಲಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಚಹಾ ಬಂದರೆ ಅವರು ಮೊದಲು ಕಪ್ಪಿನ ಮೇಲೆ ಅಂಗೈ ಬೀಸಿ, ವಾಸನೆಯನ್ನು ಮೂಗಿನ ಕಡೆ ತಂದುಕೊಂಡು ಪರೀಕ್ಷಿಸುವರು. ಪ್ರಯೋಗಶಾಲೆಯಲ್ಲಿ ಹಾಗೆ ಮಾಡಿ ಮಾಡಿ ರೂಢಿ. ಒಂದು ವರ್ಷ ಕಾಲೇಜು ಗ್ಯಾದರಿಂಗಿನ ನಾಟಕದಲ್ಲಿ ಹುಡುಗನೊಬ್ಬ ಅವರ ಪಾತ್ರ ಹಾಕಿ, ಗಿರ್ಮಿಟ್ ತಟ್ಟೆಯ ಮೇಲೆ ಹಾಗೆಯೇ ಕೈ ಬೀಸಿ ಇಡೀ ಸಭೆಯನ್ನು ನಗಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ನಾಟಕ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ, “ಛಲೋ ಮಾಡಿದಿ. ಖರೇ ಕೈ ತಪ್ಪೈತಿ, ಒಳಮುಖ ಬೀಸಬೇಕು” ಎಂದು ಹುಡುಗನ ಕೈ ಹಿಡಿದು ತಿದ್ದಿ ಬಂದರು.

ಬಣ್ಣ ಬೇಕಾದರೆ ಧಾರವಾಡದ ಅಂಗಡಿಗಳನ್ನೆಲ್ಲ ಬಿಟ್ಟು ಹುಬ್ಬಳ್ಳಿಗೆ ಬಸ್ಸು ಹತ್ತುವರು. ದೇಶಪಾಂಡೆ ನಗರದ ಒಂದು ಗಲ್ಲಿಯಲ್ಲಿ ಒಬ್ಬರ ಬಣ್ಣದ ಅಂಗಡಿ ಇದೆ, ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಬಣ್ಣ ಹಚ್ಚುವ ಆಳುಗಳನ್ನೂ ಅವರೇ ಕಳಿಸುತ್ತಾರೆ. ಸರ್ ಮತ್ತು ಚಾಚಾ ಇಬ್ಬರ ಸ್ನೇಹ ಶುರುವಾದದ್ದು ಜಗಳದಿಂದ. ಆಗ ಇಬ್ಬರೂ ಹರೆಯದವರು. ಅಂಗಡಿಯಿಂದ ಒಯ್ದ ಬೂದು ಆಯಿಲ್ ಪೇಂಟು ಒಣಗುವುದೇ ಇಲ್ಲವೆಂದು ಸರ್ ಡಬ್ಬಿಯನ್ನು ವಾಪಸು ತಂದು ಗಲ್ಲಿಗೆಲ್ಲ ಕೇಳುವಂತೆ ಕೂಗಾಡಿದ್ದರಂತೆ. ಚಾಚಾ ಅದೇ ಡಬ್ಬಿಯ ಬಣ್ಣವನ್ನು ಒಂದು ಹಲಗೆಗೆ ಹಚ್ಚಿ ಬಿಸಿಲಿಗಿಟ್ಟು, ಒಣಗಿಸಿ ತೋರಿಸಿದ್ದರು.

“ಒಂದ ಡಬ್ಬಿ, ಒಂದ ಬಣ್ಣ. ನಮ್ಮ ಹಲಗಿ ಮ್ಯಾಲೆ ಒಣಗತೈತಿ, ಸರ್ ಮನ್ಯಾಗ ಒಣಗೂದಿಲ್ಲ” ಎಂದು ಚಾಚಾ ನನ್ನೆದುರೂ ಎಷ್ಟೋ ಸಲ ಕಾಡಿಸಿದ್ದಾರೆ. “ಕೆಮಿಸ್ಟ್ರಿ ಸರ್ ಇದ್ದಲ್ಲೆ ಬಣ್ಣಾನೂ ಅಂಜತೈತ್ರಿ.”

ಆ ಮಾತು ಬಂದಾಗಲೆಲ್ಲ ಸರ್ ಮಾತು ತಿರುಗಿಸುತ್ತಿದ್ದರು. ಆ ಬಣ್ಣ ಹಚ್ಚಿದ್ದು ಯಾವುದಕ್ಕೆಂದು ನನಗೆ ಗೊತ್ತಿತ್ತು.

ಮದುವೆಯಾಗಿ ಈ ಓಣಿಗೆ ಬಂದ ಹೊಸತರಲ್ಲಿ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಪಡಸಾಲೆಯ ಮೂಲೆಯಲ್ಲಿ ಬೂದು ಬಣ್ಣದ ತೊಟ್ಟಿಲೊಂದಿತ್ತು. ಅದರ ತುಂಬ ಹಳೆ ಪೇಪರು. ಅವರ ಹೆಂಡತಿಯನ್ನು ಓಣಿಯ ಎಲ್ಲರೂ ವೈನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದು ಕೇಳಿಬಿಟ್ಟೆ.

“ತೊಟ್ಟಲಕ್ಕ ಕಿಟಕಿ ಸರಳಿನ ಬಣ್ಣಾ ಯಾಕ ಹಚ್ಚೀರಿ ವೈನಿ?”

“ಹಾಲು ಉಕ್ಕತಾವು, ಬಂದೆ” ಎಂದು ಅವರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಹೇಳಿದರು. ಅದು ವೈನಿಯ ತವರಿನವರು ಕೊಟ್ಟ ಕಲಘಟಗಿ ತೊಟ್ಟಿಲು. ಅರಗಿನ ಬಣ್ಣದಲ್ಲಿ ಹೂಬಳ್ಳಿ, ತಲೆಯ ಕಡೆಯ ಹಲಗೆಯಲ್ಲಿ ಮಾವಿನ ಗೊಂಚಲಿನ ಸುತ್ತ ಮೂರು ಗಿಳಿಗಳು. ವೈನಿ ಲಗ್ನವಾಗಿ ಬಂದಾಗ ಅವರ ಜೊತೆಗೇ ಬಂದಿದ್ದ ಆ ತೊಟ್ಟಿಲು ಅವರ ಮನೆಯಲ್ಲಿ ನಿಂತದ್ದೇ ಕಡಿಮೆ. ಓಣಿಯಲ್ಲಿ ಯಾರಿಗೆ ದಿನ ತುಂಬಿದರೂ ಅವರ ಮನೆಯವರು ಬಂದು ವೈನಿಗೆ ಉಡಿ ತುಂಬಿ ತೊಟ್ಟಿಲು ಕೇಳುವರು. ತಿರುಗಿ ತರುವಾಗ ಖಾಲಿ ತರಬಾರದೆಂದು ಅದರಲ್ಲಿ ಒಂದು ಸೇರು ಗೋಧಿ, ಒಂದು ಹೆಂಟೆ ಬೆಲ್ಲ ಇಟ್ಟು ತರುವರು. ನನ್ನ ಗಂಡನ ತಮ್ಮ ಮಲಗಿದ್ದೂ ಅದರಲ್ಲೇ.

ಬಹಳ ವರ್ಷ ಕಾದ ಮೇಲೆ ಅದರಲ್ಲಿ ವೈನಿಯ ಕೂಸು ಮಲಗಿತು. ಹೆಣ್ಣುಮಗು. ಇನ್ನೂ ಹಲ್ಲು ಬಂದಿರಲಿಲ್ಲ, ಜ್ವರ ಬಂತು, ಒಂದು ಮುಂಜಾನೆ ತೊಟ್ಟಿಲಲ್ಲೇ ತಣ್ಣಗಾಗಿತ್ತು. ಅಂದಿನಿಂದ ಉಡಿ ತುಂಬಿ ತೊಟ್ಟಿಲು ಕೇಳಲು ಯಾರೂ ಬರಲಿಲ್ಲ. ಕೆಟ್ಟವರೇನಲ್ಲ ನಮ್ಮ ಓಣಿಯವರು. ದುಃಖಕ್ಕೆ ಬಂದು ಅತ್ತರು, ರೊಟ್ಟಿ ಬುತ್ತಿ ತಂದು ಉಣ್ಣಿಸಿದರು, ತೊಟ್ಟಿಲು ಮಾತ್ರ ಕೇಳಲಿಲ್ಲ. ಬಸುರಿಯರು ಅವರ ಪಡಸಾಲೆಗೆ ಬರುವುದೂ ನಿಂತಿತು. ನನ್ನ ಅತ್ತೆ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ವೈನಿ ದಿನವೂ ಆ ತೊಟ್ಟಿಲ ಮುಂದೆ ಕೂಡುತ್ತಿದ್ದರಂತೆ. ಮಧ್ಯಾಹ್ನದ ಕೆಲಸ ಮುಗಿಸಿ ಕೂತರೆ ಗಿಳಿಗಳನ್ನೇ ನೋಡುತ್ತ ಸಂಜೆಯಾಗುತ್ತಿತ್ತು. ಕೂಸು ಆ ಗಿಳಿಗಳನ್ನು ನೋಡಿ ನಗುತ್ತಿತ್ತಂತೆ. ಸರ್ ಕಾಲೇಜಿನಿಂದ ಬಂದು ಅದನ್ನು ಎಷ್ಟು ದಿನ ನೋಡಿದರೋ, ಒಂದು ದಿನ ಕಿಟಕಿಗೆ ಹಚ್ಚಿ ಉಳಿದಿದ್ದ ಬೂದು ಬಣ್ಣ ತೆಗೆದರು. ಗಿಳಿ ಕಾಣದಿದ್ದರೆ ನೋಡುವುದೂ ನಿಂತೀತು ಎಂಬುದು ಅವರ ಲೆಕ್ಕ. ಹೆಂಡತಿಯನ್ನು ಕೇಳಲಿಲ್ಲ, ಹಚ್ಚುತ್ತೇನೆ ಎಂದು ಹೇಳಿದರು ಅಷ್ಟೆ. ವೈನಿ ಬೇಡ ಎನ್ನಲಿಲ್ಲ. “ಇವತ್ತ ಮಂಗಳವಾರ ಐತ್ರಿ. ನಾಳೆ ಹಚ್ಚೀರಂತ” ಎಂದರಂತೆ. ಇದನ್ನು ಸರ್ ನನಗೆ ಹೇಳಿದ್ದು ಬಹಳ ಕಾಲದ ಮೇಲೆ.

ಆ ಮೇಲೆ ಅವರಿಗೆ ಮಕ್ಕಳಾಗಲಿಲ್ಲ. ತೊಟ್ಟಿಲು ಪೇಪರು ತುಂಬುವ ಸಾಮಾನಾಯಿತು. ಅದರ ಮಾತನ್ನು ಗಂಡ ಹೆಂಡತಿ ಇಬ್ಬರೂ ಎಂದೂ ಎತ್ತಲಿಲ್ಲ. ಒಬ್ಬರನ್ನೊಬ್ಬರು ಅಷ್ಟು ಹಚ್ಚಿಕೊಂಡಿದ್ದವರು ಒಂದೇ ಒಂದು ವಿಷಯಕ್ಕೆ ಮನೆಯೊಳಗೇ ಬೇಲಿ ಹಾಕಿಕೊಂಡು ಬದುಕಿದರು.

ವೈನಿ ಹಾಸಿಗೆ ಹಿಡಿದಾಗ ಆ ಬೇಲಿ ಒಂದು ಸಲ ಅಲುಗಾಡಿತು. ಶ್ವಾಸಕೋಶ ಸೋತು, ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಸ್ಥಿತಿ. ನಾನು ಗಂಜಿ ಒಯ್ದಿದ್ದೆ. ಸರ್ ಕಾಲ ಬಳಿ ಕೂತಿದ್ದರು.

“ಏನ್ರಿ,” ಎಂದರು ವೈನಿ, “ಆ ಗಿಣಿ ಒಮ್ಮೆ ನೋಡಬೇಕನಸ್ತೈತ್ರಿ. ಇನ್ನೂ ಇದ್ದಾವೇನು ಒಳಗ?”

ಸರ್ ಮುಖ ಹೇಗಾಯಿತೆಂದು ನಾನು ಬರೆಯಲಾರೆ. “ಇದ್ದಾವು. ತಗಸ್ತೇನಿ” ಎಂದರು.

ಅಂದಿನಿಂದ ಅವರಿಗೆ ಬೇರೆ ಧ್ಯಾನವಿಲ್ಲ. ಹುಬ್ಬಳ್ಳಿಗೆ ಹೋಗಿ ಚಾಚಾರ ಕೌಂಟರಿನ ಮೇಲೆ ಡಬ್ಬಿಗಳನ್ನೆಲ್ಲ ಸಾಲಾಗಿ ಇಡಿಸಿದರು. ಜೊತೆಗೆ ನಾನೂ ಇದ್ದೆ. ಚಾಚಾ ಒಂದು ಡಬ್ಬಿ ಮುಂದೆ ತಳ್ಳಿ, “ಇದು ಹಚ್ರಿ ಸರ್, ಚಹಾ ಕುಡಿಯೂದರಾಗ ಬಣ್ಣಾ ಉಬ್ಬಿ ಬರತೈತಿ” ಎಂದರು.

“ಗಿಣೀನೂ ಬರತಾವು” ಎಂದರು ಸರ್.

ಕಷ್ಟ ಇದ್ದದ್ದೇ ಅಲ್ಲಿ. ಕೇವಲ ಮರವಾಗಿದ್ದರೆ ಯಾವುದನ್ನು ಹಚ್ಚಿದರೂ ನಡೆಯುತ್ತಿತ್ತು. ಕೆಳಗಿರುವುದು ಅರಗಿನ ಚಿತ್ರ. ಮೇಲಿನ ಬಣ್ಣ ಬಿಡಬೇಕು, ಕೆಳಗಿನದು ಉಳಿಯಬೇಕು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಕಾಸ್ಟಿಕ್ ಸೋಡಾ ತಾಗಿದರೂ ಕರಗುತ್ತದೆ. ಬಿಸಿಗಾಳಿಯ ಯಂತ್ರ ಹಿಡಿದರೆ ಮೇಣದಬತ್ತಿಯಂತೆ ಹರಿಯುತ್ತದೆ. ಜೋರಿನ ರಿಮೂವರಿನ ಹೊಗೆಯಂತೂ ವೈನಿ ಮಲಗಿದ ಮನೆಯ ಹತ್ತಿರವೂ ಸುಳಿಯಬಾರದು. ಕಡೆಗೆ ಕಿತ್ತಳೆಯ ವಾಸನೆಯ, ನಿಧಾನವಾಗಿ ಕೆಲಸ ಮಾಡುವ ಒಂದು ಔಷಧ, ಒಂದು ಬಾಟಲಿ ಟರ್ಪೆಂಟೈನು, ಇನ್ನೂ ಏನೇನೋ ಕೊಂಡು ಬಸ್ಸು ಹತ್ತಿದೆವು.

ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಬೇಕು ಎಂಬುದು ಅವರು ಜೀವಮಾನವಿಡೀ ಹುಡುಗರಿಗೆ ಕಲಿಸಿದ ಪಾಠ. ಹಿತ್ತಲಲ್ಲಿ ತೊಟ್ಟಿಲನ್ನು ಬೋರಲು ಹಾಕಿ, ತಳದ ಪಟ್ಟಿಯ ಹೂಬಳ್ಳಿಯ ಮೇಲೆ ಒಂದೊಂದೇ ಔಷಧ ಹಚ್ಚಿದರು. ಹತ್ತಿಗೆ ಮೊದಲು ಬೂದು ಬರುತ್ತಿತ್ತು, ಅದರ ಬೆನ್ನಿಗೇ ಕೆಂಪು, ಹಳದಿ. ಕಿತ್ತಳೆಯ ಔಷಧವೂ ಹಾಗೇ ಮಾಡಿತು. ಟರ್ಪೆಂಟೈನಿನಿಂದ ಏನೂ ಆಗಲಿಲ್ಲ, ಬೂದು ಬಣ್ಣ ಅಲ್ಲಾಡಲಿಲ್ಲ. ಅದನ್ನು ಕಪಾಟಿನಲ್ಲಿಟ್ಟರು. ತಲೆಯ ಹಲಗೆಯನ್ನು ಅವರು ಮುಟ್ಟಲೇ ಇಲ್ಲ.

“ಅಲ್ಲೆ ಒಂದ ಸಲ ನೋಡ್ರಿ ಸರ್, ವೈನಿ ಕೇಳಾಕತ್ತಾರ” ಎಂದು ನಾನು ಪೀಡಿಸಿದೆ.

“ಕೆಟ್ರ ಆಕಿಗೆ ಏನ್ ತೋರಸ್ಲಿ?” ಎಂದರು.

ವೈನಿ ಮತ್ತೊಮ್ಮೆ ಕೇಳಲಿಲ್ಲ. ಗಂಡನ ಕೈಯ ಕಲೆಗಳನ್ನು ನೋಡಿ, “ಇರ್ಲಿ ಬಿಡ್ರಿ, ಯಾಕ ಇಷ್ಟು ದಣೀತೀರಿ” ಎಂದಷ್ಟೇ ಹೇಳುತ್ತಿದ್ದರು. ಗಿಳಿ ನೋಡದೆಯೇ ಹೋದರು.

ಅವರ ವರ್ಷದ ಪುಣ್ಯತಿಥಿಗೆ ಮೊದಲು ಮನೆಗೆ ಸುಣ್ಣ ಬಣ್ಣ ಮಾಡಿಸಬೇಕಾಯಿತು. ಏಪ್ರಿಲ್ ತಿಂಗಳು. ಚಾಚಾ ಆಳುಗಳನ್ನು ಕರೆದುಕೊಂಡು ತಾವೇ ಬಂದರು. ಸಾಮಾನುಗಳೆಲ್ಲ ಅಂಗಳಕ್ಕೆ ಬಂದವು, ತೊಟ್ಟಿಲೂ ಬಂತು. ಮಧ್ಯಾಹ್ನ ನಾನು ಮಜ್ಜಿಗೆ ತೆಗೆದುಕೊಂಡು ಹೋದಾಗ ಚಾಚಾ ತೊಟ್ಟಿಲಿನೆದುರು ಕುಕ್ಕರಗಾಲಲ್ಲಿ ಕೂತಿದ್ದರು.

“ಸರ್, ಇಲ್ಲೆ ಬರ್ರಿ. ಲಗೂ ಬರ್ರಿ.”

ಬಿಸಿಲಿಗೆ ತಲೆಯ ಕಡೆಯ ಹಲಗೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಉಳಿದ ಕಡೆ ಬಣ್ಣಕ್ಕೆ ಏನೂ ಆಗಿರಲಿಲ್ಲ, ಆ ಹಲಗೆಯಲ್ಲಿ ಮಾತ್ರ. ಸರ್ ಮಂಡಿಯೂರಿ ಉಗುರು ತೂರಿಸಿದರು. ಅಂಗೈಯಗಲದ ಬೂದು ಪದರ ಸದ್ದಿಲ್ಲದೆ ಬಿಟ್ಟು ಬಂತು. ಅದರ ಹಿಂದೆ ಹಸಿರು ರೆಕ್ಕೆ, ಕೆಂಪು ಕೊಕ್ಕು. ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ಇನ್ನೊಂದು ಪದರ ಎತ್ತಿದರು, ಇನ್ನೊಂದು ಗಿಳಿ. ನಾನು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಸರ್ ಗಿಳಿಗಳನ್ನು ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಬಣ್ಣದ ಪದರವನ್ನು ತಿರುವಿ ಹಿಂಭಾಗ ನೋಡುತ್ತಿದ್ದರು. ಅಲ್ಲಿ ತೆಳುವಾದ, ಹಳದಿಯ ಜಿಡ್ಡು. ಆ ಜಿಡ್ಡಿನಲ್ಲಿ ಬೆರಳು ಎಳೆದ ಗೆರೆಗಳು. ಸಣ್ಣ ಬೆರಳು, ಮೇಲಿಂದ ಕೆಳಗೆ, ಒಂದರ ಪಕ್ಕ ಒಂದು. ಗೆರೆಗಳ ನಡುವೆ ಅಲ್ಲಲ್ಲಿ ಕುಂಕುಮದ ಕೆಂಪು.

ಅವರು ಅದರ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟು, ಅಂಗೈ ಒಳಮುಖ ಬೀಸಿ ವಾಸನೆ ನೋಡಿದರು. ಎದ್ದು ಒಳಗೆ ಹೋಗಿ ವೈನಿಯ ಕುಂಕುಮದ ಕರಡಿಗೆ ತಂದರು. ನಮ್ಮ ಕಡೆ ಹಳೆಯ ಕಾಲದವರು ಹಣೆಗೆ ಮೊದಲು ಜೇನುಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಾರೆ. ವೈನಿ ಕೊನೆಯವರೆಗೂ ಹಾಗೇ ಹಚ್ಚಿಕೊಂಡವರು. ಕರಡಿಗೆಯ ಮೇಣದಲ್ಲಿ ಅವರ ಬೆರಳು ಮಾಡಿದ ಕುಳಿ ಹಾಗೇ ಇತ್ತು.

“ಮಂಗಳವಾರ ಬ್ಯಾಡ ಅಂದ್ಲು” ಎಂದರು ಸರ್. “ಒಂದ ದಿನಾ ಕೇಳಿದ್ಲು ನನ್ನ ಕಡೆ. ಅದಕ್ಕ ಕೇಳಿದ್ದು.”

ಚಾಚಾಗೆ ಅರ್ಥವಾಯಿತು. ತೊಟ್ಟಿಲಿನ ಕೋಲು ಹಿಡಿದು ನಿಧಾನ ಎದ್ದರು. “ಮೇಣದ ಮ್ಯಾಲೆ ಬಣ್ಣಾ ಹೆಂಗ ಒಣಗತೈತ್ರಿ ಸರ್” ಎಂದರು. ಆ ಹಳೆಯ ಜಗಳದ ಮಾತನ್ನು ಅವರು ಕಾಡಿಸದೆ ಹೇಳಿದ್ದು ಅದೇ ಮೊದಲು.

“ಬರೇ ಟರ್ಪೆಂಟೈನ್” ಎಂದರು ಸರ್. “ಅಂಚಿಗೆ ಒಂದೀಟು ಹತ್ತಿ ಒತ್ತಿದ್ರ ಮೇಣ ಬಿಡತಿತ್ತು, ಅರಗಿಗೆ ಏನೂ ಆಗತಿರ್ಲಿಲ್ಲ. ಮನ್ಯಾಗ ಇತ್ತದು. ಕಪಾಟಿನ್ಯಾಗ ಇತ್ತು.” ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕೋರ, ಬಣ್ಣದ ಕೆಳಗ ಏನೈತಿ ಅಂತ ಊರ ಮಂದಿಗೆಲ್ಲಾ ಕೇಳಿದೆ. ಆಕಿಗೆ ಕೇಳಲಿಲ್ಲ. ಕೇಳಿದ್ರ ಹೇಳತಿದ್ಲು. ನಕ್ಕೋತ ಹೇಳತಿದ್ಲು.”

ವೈನಿ ತಾವಾಗಿಯೇ ಏಕೆ ಹೇಳಲಿಲ್ಲವೋ ಗೊತ್ತಿಲ್ಲ. ಹರೆಯದಲ್ಲಿ ಗಂಡನಿಗೆ ನೋವಾದೀತೆಂದು ಸುಮ್ಮನಿದ್ದಿರಬೇಕು. ಕೊನೆಗಾಲದಲ್ಲಿ ಆ ಚೂರು ಮೇಣದಿಂದ ಇಷ್ಟೆಲ್ಲ ಆಗಬಲ್ಲದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಗಿಳಿಗಳ ಮುಖಕ್ಕೆ ಬಣ್ಣ ತಾಗದಿರಲಿ ಎಂದು ಹಚ್ಚಿದ್ದರು, ಅಷ್ಟೇ. ಎರಡು ಗಿಳಿ ಪೂರ್ತಿ ಬಂದವು. ಮೂರನೆಯದರ ಕುತ್ತಿಗೆಯವರೆಗೆ ಬರುವಷ್ಟರಲ್ಲಿ ಕರಡಿಗೆಯ ಮೇಣ ಮುಗಿದಿತ್ತೆಂದು ಕಾಣುತ್ತದೆ. ಅಲ್ಲಿಂದಾಚೆ ಬೂದು ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ಉಳಿದದ್ದನ್ನು ತೆಗೆಯಲು ಸರ್ ಮತ್ತೆ ಯಾವ ಔಷಧವನ್ನೂ ತರಲಿಲ್ಲ. ಬೆರಳ ಗೆರೆಯಿದ್ದ ಆ ಪದರವನ್ನು ಕರಡಿಗೆಯೊಳಗಿಟ್ಟು ಮುಚ್ಚಿದರು. ಗಿಳಿಗಳ ಮೇಲೆ ಉಳಿದ ಮೇಣವನ್ನು ಒರೆಸಬೇಕು, ಇಲ್ಲದಿದ್ದರೆ ಧೂಳು ಹಿಡಿಯುತ್ತದೆ ಎಂದು ನಾನು ಹೇಳಿದಾಗ, “ಹಿಡೀಲಿ ಬಿಡ್ರಿ” ಎಂದರು. ಹಿಡಿತದ ಮನುಷ್ಯ ಒಮ್ಮೆಲೇ ಸಡಿಲಾದರು. ಸಂಜೆ ತಿರುಗಾಟಕ್ಕೆ ಹೋಗುವುದು ನಿಂತಿತು. ಯಾವ ಮನೆಯವರು ಬಣ್ಣದ ಮಾತು ಕೇಳಲು ಬಂದರೂ, ಡಬ್ಬಿ ನೋಡದೆ, “ಮನ್ಯಾಗ ಕೇಳಿದ್ರೇನು? ಮೊದಲ ಮನ್ಯಾಗ ಕೇಳ್ರಿ” ಎನ್ನುವರು. ಬಂದವರು ಮುದುಕರಿಗೆ ಅರಳುಮರಳು ಎಂದುಕೊಂಡು ಹೋಗುವರು.

ಈ ವರ್ಷ ಒಂದು ದಿನ ಚಾಚಾ ತಮ್ಮ ಹೆಂಡತಿಯೊಂದಿಗೆ ಬಂದರು. ಗಬ್ಬೂರಿಗೆ ಕೊಟ್ಟ ಅವರ ಮಗಳಿಗೆ ದಿನ ತುಂಬಿತ್ತು. ತಟ್ಟೆಯಲ್ಲಿ ತೆಂಗಿನಕಾಯಿ, ಸಕ್ಕರೆ. ಈ ಓಣಿಯ ರೂಢಿಯನ್ನು ಯಾರನ್ನೋ ಕೇಳಿ ತಿಳಿದುಕೊಂಡಿದ್ದರು.

“ತೊಟ್ಟಲಾ ಬೇಕಿತ್ರಿ ಸರ್.”

“ಅದರಾಗ ನಮ್ಮ ಕೂಸು ಹೋಗೈತಿ. ನಿಮಗ ಗೊತ್ತೈತಿ” ಎಂದರು ಸರ್.

“ಅದರಾಗ ಮಲಗಿ ದೊಡ್ಡಾವಾದ ಕೂಸುಗಳೂ ಓಣಿ ತುಂಬ ಅದಾವಲ್ರಿ” ಎಂದರು ಚಾಚಾರ ಹೆಂಡತಿ.

ಸರ್ ಆ ತಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ವೈನಿಯ ಫೋಟೋದ ಮುಂದೆ ಇಟ್ಟು ನಿಂತರು. ಬಾಗಿಲಲ್ಲಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. “ತೊಟ್ಟಲಾ ಕೇಳಾಕ ಬಂದಾರ. ಕೊಡ್ಲೇನು?” ಎಂದು ಕೇಳಿದ್ದು ಕಿವಿಗೆ ಬಿತ್ತು.

ಮಗು ಹುಟ್ಟಿತೆಂದು ಸುದ್ದಿ ಬರುವ ಮೊದಲೇ ಸರ್ ಹೋದರು. ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮನೆಯ ಕೀಲಿ ನನ್ನ ಹತ್ತಿರ ಇತ್ತು. ಕೂಸು ಹುಟ್ಟಿದ ಮೇಲೆ ಒಯ್ಯಿರಿ ಎಂದು ಸರ್ ಹೇಳಿದ್ದಂತೆ, ಮೊನ್ನೆ ಚಾಚಾ ಟೆಂಪೊ ತಂದರು. ಕೊಡುವ ತೊಟ್ಟಿಲು ಸ್ವಚ್ಛವಿರಬೇಕೆಂದು ನಾನು ಪೇಪರುಗಳನ್ನು ತೆಗೆದು ಝಾಡಿಸಿದೆ, ಖಾಲಿ ಹೋಗಬಾರದೆಂದು ಗೋಧಿ ಬೆಲ್ಲ ಇಟ್ಟೆ. ಒದ್ದೆ ಬಟ್ಟೆಯಿಂದ ಕಾಲು, ಕೋಲು, ಪಟ್ಟಿಗಳನ್ನು ಒರೆಸುತ್ತ ತಲೆಯ ಕಡೆಗೆ ಬಂದೆ. ಗಿಳಿಗಳ ಮೇಲೆ ತೆಳ್ಳಗೆ ಧೂಳು ಕೂತಿತ್ತು.

“ಅದೊಂದು ಒರಸಬ್ಯಾಡ್ರಿ ಬಾಯಾರ” ಎಂದರು ಚಾಚಾ. “ಅಲ್ಲೆ ವೈನಿ ಕೈ ಐತಿ.”

ನಾನು ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡೆ.